ಒಡವೆ, ವಾಚು ಫೋಟೋ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೇಟೆ ಬೀದಿಗಳ ಸಣ್ಣ ಅಂಗಡಿಯವರಿಗೆ, ಮನೆಯಿಂದಲೇ ಒಂದು ಗ್ರಾಂ ಚಿನ್ನದ ಒಡವೆ ಮಾರುವ ಹೆಣ್ಣುಮಕ್ಕಳಿಗೆ, ಹಳೇ ಎಚ್‌ಎಂಟಿ ವಾಚು ಕೊಂಡು ಮಾರುವ ಹುಡುಗರಿಗೆ ನಾನು ಫೋಟೋ ತೆಗೆದುಕೊಡುತ್ತೇನೆ. ಹೇಗೆ ತೆಗೆಯೋದು ಅಂತ ಕೇಳಿದವರಿಗೆ ಹೇಳಿಯೂ ಕೊಡುತ್ತೇನೆ. ಊರು ಬೇರೆ, ಒಡವೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಅವೇ. ಹಾಗಾಗಿ ಕೇಳಿದವರ ಮಾತಿನಲ್ಲೇ ಬರೆದಿಟ್ಟು, ಉತ್ತರವನ್ನೂ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

## ಈಗಷ್ಟೇ ಶುರು ಮಾಡಿದವರಿಗೆ

"ನನ್ನ ಹತ್ರ ಹದಿನೈದು ಸಾವಿರದ ಫೋನಿದೆ. ಅದರಲ್ಲೇ ಆಗುತ್ತಾ, ಕ್ಯಾಮೆರಾ ತಗೋಬೇಕಾ?"

ಆಗುತ್ತೆ. ಕ್ಯಾಮೆರಾಗೆ ಎತ್ತಿಟ್ಟ ದುಡ್ಡಲ್ಲಿ ಮೊದಲು ಒಂದು ಗಟ್ಟಿ ಸ್ಟ್ಯಾಂಡ್ ತಗೊಳ್ಳಿ. ಒಡವೆಯನ್ನು ಹತ್ತಿರದಿಂದ ತೆಗೆಯುವಾಗ ಕೈ ಕೂದಲೆಳೆಯಷ್ಟು ಅಲುಗಿದರೂ ಫೋಟೋ ಮಸುಕಾಗುತ್ತೆ. ಸ್ಟ್ಯಾಂಡಿಗೆ ಹಾಕಿ, 2 ಸೆಕೆಂಡಿನ ಟೈಮರ್ ಇಟ್ಟು ಕ್ಲಿಕ್ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಕಡಿಮೆ ಬೆಲೆಯ ಫೋನುಗಳಲ್ಲಿ ತೀರಾ ಹತ್ತಿರದಿಂದ ತೆಗೆಯೋಕೆ ಮ್ಯಾಕ್ರೋ ಅಂತ ಬೇರೆ ಕ್ಯಾಮೆರಾ ಕೊಟ್ಟಿರುತ್ತಾರೆ. ಎಷ್ಟೋ ಫೋನುಗಳಲ್ಲಿ ಅದು ಬರೀ 2 ಮೆಗಾಪಿಕ್ಸೆಲ್. ಹೆಸರು ನೋಡಿ ಮರುಳಾಗಬೇಡಿ. ಮುಖ್ಯ ಕ್ಯಾಮೆರಾದಲ್ಲೇ ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡಿದರೆ ಅದಕ್ಕಿಂತ ಚೆನ್ನಾಗಿ ಬರುತ್ತೆ.

ಕೆಲಸ ಜಾಸ್ತಿಯಾದ ಮೇಲೆ ಕ್ಯಾಮೆರಾ ನೋಡೋಣ. ಆಗಲೂ ಕ್ಯಾಮೆರಾ ಹಳೆಯದಾದರೂ ನಡೆಯುತ್ತೆ, ದುಡ್ಡನ್ನು 90ರಿಂದ 105 ಮಿ.ಮೀ.ನ ಒಂದು ಮ್ಯಾಕ್ರೋ ಲೆನ್ಸಿಗೆ ಹಾಕಿ.

"ಉಂಗುರ ಕೈಯಲ್ಲಿ ನೋಡಿದ್ರೆ ನಾಜೂಕಾಗಿದೆ, ಫೋಟೋದಲ್ಲಿ ಊದಿಕೊಂಡ ಹಾಗೆ ಕಾಣುತ್ತೆ. ಯಾಕೆ?"

ಫೋನನ್ನು ತೀರಾ ಹತ್ತಿರ ಒಯ್ದಿದ್ದೀರಿ. ಫೋನಿನ ಮುಖ್ಯ ಲೆನ್ಸ್ ಅಗಲದ ಲೆನ್ಸ್. ನಾಲ್ಕು ಇಂಚು ದೂರದಿಂದ ತೆಗೆದರೆ ಮುಂದಿರುವ ಕಲ್ಲು ಉಂಗುರದ ಹಿಂಭಾಗಕ್ಕಿಂತ ಎಷ್ಟೋ ಹತ್ತಿರ ಇರುತ್ತೆ, ಹಾಗಾಗಿ ದೊಡ್ಡದಾಗಿ ಕಾಣುತ್ತೆ. ಮದುವೆ ಗುಂಪಿನಲ್ಲಿ ಸೆಲ್ಫಿ ತೆಗೆದವನ ಮೂಗು ದಪ್ಪ ಕಾಣುತ್ತಲ್ಲ, ಅದೇ ಕಥೆ. ಒಂದಡಿ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಜೂಮ್ ಹಾಕಿ ತೆಗೆಯಿರಿ.

"ಲೈಟ್ ಸೆಟ್ ಕೊಳ್ಳೋಕೆ ಈಗ ಆಗಲ್ಲ. ಕಿಟಕಿ ಬೆಳಕಲ್ಲಿ ಮಾಡಬಹುದಾ?"

ಧಾರಾಳವಾಗಿ. ಉತ್ತರಕ್ಕೆ ಮುಖ ಮಾಡಿದ ಕಿಟಕಿ ಇದ್ದರೆ ನೀವು ಪುಣ್ಯವಂತರು, ವರ್ಷದ ಹೆಚ್ಚಿನ ದಿನ ಅಲ್ಲಿ ನೇರ ಬಿಸಿಲು ಬೀಳಲ್ಲ. ಬೇರೆ ದಿಕ್ಕಿನದಾದರೆ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ. ತೊಳೆದು ತೊಳೆದು ಮೆತ್ತಗಾದ ಹಳೇ ಪಂಚೆ ಇನ್ನೂ ಒಳ್ಳೆಯದು, ಬೆಳಕನ್ನು ಸಮನಾಗಿ ಸೋಸುತ್ತೆ. ಜರಿ ಅಂಚನ್ನು ಮಾತ್ರ ಮಡಚಿ ಒಳಗೆ ಹಾಕಿ.

ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದು, ಬೆಳಕು ಒಡವೆಗೆ ಬದಿಯಿಂದ ಬೀಳುವ ಹಾಗೆ ಮಾಡಿ. ಎದುರು ಬದಿಯಲ್ಲಿ ಒಂದು ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತೆ. ಕೋಣೆಯ ಟ್ಯೂಬ್‌ಲೈಟು, ಬಲ್ಬು ಎಲ್ಲಾ ಆರಿಸಿ. ಆಷಾಢದ ಮೋಡದ ದಿನ ಅಂತ ಕೆಲಸ ಮುಂದೂಡಬೇಡಿ. ಮೋಡ ಮುಸುಕಿದ ಆಕಾಶವೇ ಒಂದು ದೊಡ್ಡ ಲೈಟು, ಅದೂ ಬಾಡಿಗೆ ಇಲ್ಲದ್ದು.

"ಎಷ್ಟು ಒರೆಸಿದ್ರೂ ಫೋಟೋದಲ್ಲಿ ಧೂಳು, ಬೆರಳಚ್ಚು. ಏನ್ಮಾಡ್ಲಿ?"

ಕಣ್ಣಿಗೆ ಕಾಣದ್ದೆಲ್ಲ ಹತ್ತಿರದ ಫೋಟೋದಲ್ಲಿ ಕಾಣುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಅಳಿಸುವ ಬದಲು ಮೊದಲೇ ಎರಡು ನಿಮಿಷ ಕೊಡಿ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಹತ್ತಿಯ ಕೈಗವಸು ಹಾಕಿಕೊಂಡು ಜಾಗದಲ್ಲಿಡಿ. ಇಟ್ಟ ಮೇಲೆ ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಲ್ಲಿ ಊದಿದರೆ ಉಗುಳಿನ ಹನಿ ಕೂರುತ್ತೆ.

ಮನೆಯಲ್ಲಿ ಹಾಕಿಕೊಂಡಿದ್ದ ಚಿನ್ನವಾದರೆ ಸಂದುಗಳಲ್ಲಿ ಅರಿಶಿನ, ಕುಂಕುಮ, ಸೋಪು ಕೂತಿರುತ್ತೆ. ನಮ್ಮಜ್ಜಿಯ ದಾರಿಯೇ ಸರಿ: ಅಂಟುವಾಳದ ಕಾಯಿ ನೆನೆಸಿದ ನೀರು, ಮೆತ್ತನೆಯ ಬ್ರಷ್ಷು. ಆದರೆ ಮುತ್ತು ಪೋಣಿಸಿದ್ದನ್ನು, ಅರಗು ತುಂಬಿ ಕೆಂಪು ಕಲ್ಲು ಕೂರಿಸಿದ್ದನ್ನು ನೀರಿಗೆ ಹಾಕಬೇಡಿ. ದಾರ ಸಡಿಲವಾಗುತ್ತೆ, ಕಲ್ಲು ಕಳಚುತ್ತೆ. ಒಂದು ಗ್ರಾಂ ಚಿನ್ನದ್ದನ್ನು ಉಜ್ಜಲೇಬೇಡಿ, ಲೇಪನ ಹೋದರೆ ಹೋಯಿತು.

"ಬಿಳಿ ಹಾಳೆ ಮೇಲಿಟ್ಟು ತೆಗೆದ್ರೆ ಹಾಳೆ ಬೂದಿ ಬಣ್ಣ ಬರುತ್ತೆ. ಹಾಳೆ ಸರಿ ಇಲ್ವಾ?"

ಹಾಳೆ ಸರಿಯಾಗೇ ಇದೆ. ಎದುರಿಗಿರುವುದೆಲ್ಲ ಸರಾಸರಿಗೆ ನಡು ಬೂದು ಅಂತ ಲೆಕ್ಕ ಹಾಕಿ ಕ್ಯಾಮೆರಾ ಬೆಳಕು ಅಳೆಯುತ್ತೆ. ಎಲ್ಲಾ ಬಿಳಿಯೇ ಇದ್ದರೆ 'ಬೆಳಕು ಜಾಸ್ತಿಯಾಯ್ತು' ಅಂತ ತಗ್ಗಿಸಿಬಿಡುತ್ತೆ. ಫೋನಿನ ಪರದೆಯಲ್ಲಿ ಒಡವೆ ಕಾಣುವ ಜಾಗವನ್ನು ಒತ್ತಿ ಹಿಡಿದು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ ಅನ್ನು ಪ್ಲಸ್ 1ರ ಆಸುಪಾಸು ಇಡಿ. ಕಪ್ಪು ಮಖಮಲ್ಲಿನ ಮೇಲೆ ಇದರ ಉಲ್ಟಾ: ಅಲ್ಲಿ ಮೈನಸ್ ಮಾಡಬೇಕು.

## ಒಡವೆಯ ಪ್ರಶ್ನೆಗಳು

"ಜುಮುಕಿ ಫೋಟೋ ತೆಗೆದ್ರೆ ಅದರಲ್ಲಿ ನಾನೇ ಕಾಣ್ತೀನಿ ಅಕ್ಕಾ!"

ನಗು ಬಂತು, ಆದರೆ ಈ ಕೆಲಸದ ಗುಟ್ಟೆಲ್ಲ ಈ ಒಂದು ಪ್ರಶ್ನೆಯಲ್ಲೇ ಇದೆ. ಪಾಲಿಶ್ ಮಾಡಿದ ಲೋಹ ತನ್ನನ್ನು ತೋರಿಸಿಕೊಳ್ಳಲ್ಲ, ಸುತ್ತ ಏನಿದೆಯೋ ಅದನ್ನು ತೋರಿಸುತ್ತೆ. ಜುಮುಕಿ ಅಂದರೆ ಬೋರಲು ಹಾಕಿದ ಪುಟ್ಟ ಬೋಗುಣಿ. ಅದರ ದುಂಡು ಮೈಯಲ್ಲಿ ಕಿಟಕಿ, ಫ್ಯಾನು, ನಿಮ್ಮ ಫೋನು, ನೀವು, ಎಲ್ಲರೂ ಹಾಜರು. ಹಾಗಾಗಿ ನಾನು ಒಡವೆಗಿಂತ ಮೊದಲು ಒಡವೆಯ ಸುತ್ತ ಏನಿದೆ ಅಂತ ನೋಡುತ್ತೇನೆ.

ಇದನ್ನು ಕಲಿತದ್ದು ಪೆಟ್ಟು ತಿಂದು. ಶುರುವಿನಲ್ಲಿ ಒಂದು ಜೊತೆ ಸಾದಾ ಜುಮುಕಿ ತೆಗೆಯುವಾಗ ಕೆಂಪು ಚೂಡಿದಾರ ಹಾಕಿಕೊಂಡಿದ್ದೆ. ಜುಮುಕಿಯ ಅಂಚಿನುದ್ದಕ್ಕೂ ಒಂದು ಕೆಂಪು ಗೆರೆ ಬಂತು. ನೋಡೋಕೆ ಚೆನ್ನಾಗೇ ಇತ್ತು, ಹಾಗೇ ಬಿಟ್ಟೆ. ಕೊಂಡವರು ಪೆಟ್ಟಿಗೆ ತೆರೆದು ಕೇಳಿದ್ದು: 'ಫೋಟೋದಲ್ಲಿ ಕೆಂಪು ಮೀನಾಕಾರಿ ಇತ್ತಲ್ಲ, ಎಲ್ಲಿ?' ಮಾಲು ವಾಪಸ್ ಬಂತು, ಎರಡು ಸಲದ ಕೊರಿಯರ್ ದುಡ್ಡೂ ನನ್ನ ತಲೆಗೇ. ಅವತ್ತಿಂದ ಕೆಲಸದ ದಿನ ಬೂದು ಬಣ್ಣದ ಟೀ ಶರ್ಟು.

ಈಗ ನಾನು ಮಾಡುವುದು ಹೀಗೆ. ಹತ್ತು ಲೀಟರಿನ ಹಾಲುಬಿಳುಪಿನ ಪ್ಲಾಸ್ಟಿಕ್ ಬಕೆಟ್ ಒಂದರ ತಳ ಕತ್ತರಿಸಿದ್ದೇನೆ. ಅದನ್ನು ಬೋರಲು ಹಾಕಿ, ಒಳಗೆ ಜುಮುಕಿ ಇಟ್ಟು, ಹೊರಗಿನಿಂದ ಎರಡು ಬದಿಗೂ ಬೆಳಕು ಬಿಡುತ್ತೇನೆ. ಬಕೆಟ್ಟಿನ ಗೋಡೆಯೇ ಬೆಳಕಾಗಿ ಹೊಳೆಯುತ್ತೆ, ಜುಮುಕಿಗೆ ಸುತ್ತಲೂ ಬಿಳಿ ಮಾತ್ರ ಕಾಣುತ್ತೆ. ಪಕ್ಕದಿಂದ ತೆಗೆಯಬೇಕಾದರೆ ಬಕೆಟ್ಟಿನ ಗೋಡೆಯಲ್ಲಿ ಲೆನ್ಸಿನಷ್ಟೇ ಅಗಲದ ತೂತು ಸಾಕು. ಬಕೆಟ್ಟಿಗೆ ನೀಲಿ, ಹಳದಿ ಛಾಯೆ ಇರಬಾರದು, ಅದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ.

ಇಷ್ಟು ಮಾಡಿದ ಮೇಲೆ ಇನ್ನೊಂದು ತಕರಾರು ಬರುತ್ತೆ. ಎಲ್ಲಾ ಕಡೆ ಬಿಳಿಯಾಗಿ ಜುಮುಕಿಯ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತೆ, ಸಪ್ಪೆ ಕಾಣುತ್ತೆ. ಕಪ್ಪು ಚಾರ್ಟ್ ಪೇಪರನ್ನು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ ಬಕೆಟ್ಟಿನ ಒಳಗೆ ಎಡಕ್ಕೊಂದು, ಬಲಕ್ಕೊಂದು ನಿಲ್ಲಿಸಿ. ಅದರ ಪ್ರತಿಬಿಂಬ ಜುಮುಕಿಯ ಅಂಚಿಗೆ ಕಾಡಿಗೆ ತೀಡಿದ ಹಾಗೆ ಗೆರೆ ಎಳೆಯುತ್ತೆ. ಪಟ್ಟಿಯನ್ನು ಒಂದಿಷ್ಟು ಅತ್ತಿತ್ತ ಸರಿಸುತ್ತಾ ನೋಡಿ. ದುಂಡಗಿದೆ ಅನ್ನುವುದು ಕಣ್ಣಿಗೆ ತಟ್ಟನೆ ಬರುವ ಜಾಗ ಒಂದಿರುತ್ತೆ.

"ಬೋರಮಾಳ ಸರ ಫೋಟೋದಾಗ ಕರ್ರಗ ಕಾಣಸ್ತದ ರೀ. ಬಂಗಾರ ಖರೇನ ಐತಿ, ಯಾಕ ಹಿಂಗ?"

ಬಂಗಾರದ ತಪ್ಪಿಲ್ಲ. ಬೋರಮಾಳದ ಗುಂಡಿನ ಕೆಳಗಿನ ಅರ್ಧ ಯಾವಾಗಲೂ ತಾನು ಕೂತ ನೆಲವನ್ನೇ ನೋಡುತ್ತಿರುತ್ತೆ. ನೀವು ಕಪ್ಪು ಮಖಮಲ್ಲಿನ ಮೇಲೆ ಇಟ್ಟಿದ್ದೀರಿ, ಗುಂಡಿನ ಅರ್ಧದಲ್ಲಿ ಕಪ್ಪು. ಮುಂದೆ ನೀವು ಕತ್ತಲೆ ಕೋಣೆಯಲ್ಲಿ ನಿಂತಿದ್ದೀರಿ, ಇನ್ನೊಂದಿಷ್ಟು ಕಪ್ಪು. ಉಳಿದದ್ದು ಒಂದು ಚುಕ್ಕಿ ಹೊಳಪು. ಇಡೀ ಸರದಲ್ಲಿ ಇದೇ ನಡೆದರೆ ಕರಿಮಣಿ ಸರದಂತೆ ಕಾಣದೆ ಇನ್ನೇನು?

ಕಪ್ಪೇ ಬೇಕು ಅಂತಿದ್ದರೆ ಸರವನ್ನು ಮಲಗಿಸುವ ಬದಲು ತೂಗುಹಾಕಿ, ಮಖಮಲ್ಲನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿ. ಕ್ಯಾಮೆರಾದ ಕೆಳಗೆ, ಫ್ರೇಮಿನ ಆಚೆ, ಒಂದು ಬಿಳಿ ಹಾಳೆ ಹಾಸಿ. ಗುಂಡುಗಳ ಕೆಳಭಾಗಕ್ಕೆ ಆ ಹಾಳೆ ಬೆಳಕು ಕೊಡುತ್ತೆ. ಹಾಳೆ ಇಟ್ಟು ಒಂದು, ತೆಗೆದು ಒಂದು ಫೋಟೋ ತೆಗೆದು ಪಕ್ಕಪಕ್ಕ ನೋಡಿರಿ, ವ್ಯತ್ಯಾಸ ಗೊತ್ತಾಗತದ.

"22 ಕ್ಯಾರೆಟ್ ಚಿನ್ನ ಒಮ್ಮೆ ಹಿತ್ತಾಳೆ ಥರ, ಒಮ್ಮೆ ಪೇಲವವಾಗಿ ಬರುತ್ತೆ. ಸರಿಯಾದ ಬಣ್ಣ ಹೇಗೆ ತರೋದು?"

ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಊಹಿಸಿ ಸರಿಮಾಡೋದು, ಚಿನ್ನದ ಶತ್ರು. ಫ್ರೇಮಿನಲ್ಲಿ ಹಳದಿ ಜಾಸ್ತಿ ಕಂಡರೆ ಬೆಳಕೇ ಹಳದಿಯಾಗಿದೆ ಅಂದುಕೊಂಡು ಕ್ಯಾಮೆರಾ ನೀಲಿ ಸುರಿಯುತ್ತೆ. ಚಿನ್ನ ಪೇಲವವಾಗುತ್ತೆ. ಅದನ್ನು ಸರಿಮಾಡಲು ನೀವು ಹಳದಿ ಏರಿಸುತ್ತೀರಿ, ಹಿತ್ತಾಳೆಯಾಗುತ್ತೆ.

ಮೊದಲು ಬೆಳಕು ಒಂದೇ ಜಾತಿಯದ್ದಿರಲಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಕಿಟಕಿಯಿಂದ ಬರುವ ಹಗಲು ಸುಮಾರು 5500 ಕೆಲ್ವಿನ್, ಹಳದಿ ಬಲ್ಬು 2700ರಿಂದ 3000. ಎರಡೂ ಒಟ್ಟಿಗೆ ಬಿದ್ದರೆ ಒಂದೇ ಬಳೆಯಲ್ಲಿ ಎರಡು ಬಣ್ಣ, ಆಮೇಲೆ ಯಾವ ಆ್ಯಪಿನಿಂದಲೂ ಸರಿಹೋಗಲ್ಲ. ಎಲ್‌ಇಡಿ ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನುವ ಅಂಕಿ) 90ಕ್ಕಿಂತ ಹೆಚ್ಚು ಅಂತ ಇದೆಯಾ ನೋಡಿ. ಕಮ್ಮಿ ಇದ್ದರೆ ಕೆಂಪು ಸರಿಯಾಗಿ ಬರಲ್ಲ, ಚಿನ್ನ ಹಸಿರು ಹೊಡೆಯುತ್ತೆ.

ಒಡವೆ ಇಡುವ ಜಾಗದಲ್ಲಿ ಮೊದಲು ಒಂದು ಗ್ರೇ ಕಾರ್ಡ್ (ನಡು ಬೂದು ಬಣ್ಣದ ಕಾರ್ಡು) ಇಟ್ಟು, ಅದರ ಮೇಲೆ ವೈಟ್ ಬ್ಯಾಲೆನ್ಸ್ ಅಳೆದು ಬೀಗ ಹಾಕಿ. ಫೋನಿನಲ್ಲಾದರೆ ಪ್ರೊ ಮೋಡ್‌ನಲ್ಲಿ ಕೆಲ್ವಿನ್ ಸಂಖ್ಯೆ ನೀವೇ ಇಟ್ಟು, ಆ ದಿನದ ಎಲ್ಲಾ ಫೋಟೋಗೂ ಅದನ್ನೇ ಇರಿಸಿ. ಗೋಡೆಯನ್ನೂ ನೋಡಿ. ತಿಳಿ ಹಸಿರು ಡಿಸ್ಟೆಂಪರ್ ಹೊಡೆದ ಕೋಣೆಯಲ್ಲಿ ಒಬ್ಬರು ಆರು ತಿಂಗಳು ಒದ್ದಾಡಿದ್ದರು, ಎರಡು ಬಿಳಿ ಬೆಡ್‌ಶೀಟ್ ಕಟ್ಟಿದ ಮೇಲೆ ಸರಿಹೋಯಿತು. 22 ಕ್ಯಾರೆಟ್‌ನಲ್ಲಿ ಚಿನ್ನ ನೂರಕ್ಕೆ 91.6, 18 ಕ್ಯಾರೆಟ್‌ನಲ್ಲಿ 75. ಇವೆರಡರ ಬಣ್ಣ ನಿಜವಾಗಿಯೂ ಬೇರೆ. ಎಲ್ಲವನ್ನೂ ಒಂದೇ ಫಿಲ್ಟರಿಗೆ ಹಾಕಿದರೆ ಗೊತ್ತಿರುವವರು ಅನುಮಾನ ಪಡುತ್ತಾರೆ.

"ಬಕೆಟ್ ಒಳಗಿಟ್ಟ ಮೇಲೆ ಲೋಹ ಚೆನ್ನಾಗಿ ಬಂತು, ಆದ್ರೆ ವಜ್ರ ಸತ್ತ ಹಾಗಿದೆ. ಮುತ್ತೂ ಅಷ್ಟೇ."

ಲೋಹ ಕೇಳುವ ಬೆಳಕು ಬೇರೆ, ವಜ್ರ ಕೇಳುವುದು ಬೇರೆ. ಸುತ್ತಲೂ ಬಿಳಿ ಇದ್ದರೆ ವಜ್ರದ ಪ್ರತಿ ಮುಖದಲ್ಲೂ ಬಿಳಿಯೇ, ಮಿಂಚು ಎಲ್ಲಿಂದ ಬರಬೇಕು? ಅದಕ್ಕೆ ಒಂದು ಸಣ್ಣ ಚುರುಕು ಬೆಳಕು ಬೇಕು, ಜೊತೆಗೆ ಒಂದಿಷ್ಟು ಕತ್ತಲೆಯೂ ಬೇಕು. ಮೆತ್ತನೆಯ ಬೆಳಕು ಹಾಗೇ ಇರಲಿ, ಮೇಲಿನಿಂದ ಒಂದು ಸಣ್ಣ ಎಲ್‌ಇಡಿ ಟಾರ್ಚು ಹಿಡಿದು ನಿಧಾನ ಸರಿಸಿ. ಒಂದು ಕೋನದಲ್ಲಿ ಕೆಂಪು, ನೀಲಿ ಕಿಡಿ ಹಾರುತ್ತೆ. ಅಲ್ಲೇ ನಿಲ್ಲಿಸಿ ಕ್ಲಿಕ್ ಮಾಡಿ.

ಮುತ್ತಿಗೆ ಟಾರ್ಚು ಬೇಡ. ಮುತ್ತಿನ ಹೊಳಪು ತಿಳಿಯುವುದೇ ಅದರ ಮೇಲೆ ಬಿದ್ದ ಕಿಟಕಿಯ ಪ್ರತಿಬಿಂಬದ ಅಂಚು ಎಷ್ಟು ಸ್ಪಷ್ಟ ಅನ್ನುವುದರಿಂದ. ಬಕೆಟ್ಟಿನಿಂದ ಹೊರಗೆ ತೆಗೆದು, ಒಂದೇ ಕಿಟಕಿಯ ಬೆಳಕಲ್ಲಿ ಒಂದೇ ಮಿನುಗು ಬೀಳುವ ಹಾಗೆ ಇಡಿ.

ಬೆಳ್ಳಿಗೆ ಪ್ರತ್ಯೇಕ ಪಾಠ ಇಲ್ಲ. ಕಾಲ್ಗೆಜ್ಜೆ, ಕಾಲುಂಗುರಕ್ಕೆ ಜುಮುಕಿಯ ಉಪಾಯವೇ ಸಾಕು, ಕಪ್ಪು ಪಟ್ಟಿ ಮಾತ್ರ ಸ್ವಲ್ಪ ಜಾಸ್ತಿ.

"ಉಂಗುರ ನಿಲ್ಲಲ್ಲ, ಓಲೆ ಬಿದ್ದುಹೋಗುತ್ತೆ. ನೀವು ಹೇಗೆ ನಿಲ್ಲಿಸ್ತೀರಿ?"

ಉಂಗುರದ ಕೆಳಗೆ ಸಾಸಿವೆ ಕಾಳಿನಷ್ಟು ಜೇನುಮೇಣ ಅಥವಾ ಬ್ಲೂ ಟ್ಯಾಕ್ ಅನ್ನುವ ಮೆತ್ತನೆಯ ಅಂಟು. ಜಾಸ್ತಿ ಹಾಕಿದರೆ ಫೋಟೋದಲ್ಲಿ ಕಾಣುತ್ತೆ. ಓಲೆಗೆ ಥರ್ಮೋಕೋಲ್‌ನಲ್ಲಿ ತೂತು ಮಾಡಿ ತಿರುಪು ಹಿಂದಿನಿಂದ ಹಾಕಿ. ತೂಗಾಡುವಂಥದ್ದಾದರೆ ಮೀನು ಗಾಳದ ನೈಲಾನ್ ದಾರದಲ್ಲಿ ನೇತುಹಾಕಿ, ಫ್ಯಾನು ಆರಿಸಿ, ಅಲುಗಾಟ ನಿಲ್ಲುವವರೆಗೂ ಕಾಯಿರಿ. ವಂಕಿ, ಡಾಬು ಭಾರದವು, ಅವು ತಾವಾಗೇ ನಿಲ್ಲುತ್ತವೆ.

"ಬಾಳೆಎಲೆ ಮೇಲೆ, ರೇಷ್ಮೆ ಸೀರೆ ಮೇಲೆ ಇಟ್ಟು ತೆಗೆದ್ರೆ ನಮ್ಮತನ ಬರುತ್ತೆ ಅಲ್ವಾ?"

ಬರುತ್ತೆ, ಆದರೆ ಬಾಳೆಎಲೆಯ ಹಸಿರು ಚಿನ್ನದ ಹೊಟ್ಟೆಯೊಳಗೆ ಹೋಗಿ ಕೂರುತ್ತೆ. ಒಮ್ಮೆ ಎಲೆಯ ಮೇಲೆ ಬಳೆ ಇಟ್ಟು ಹತ್ತಿರದಿಂದ ನೋಡಿ. ಒಳಮೈಯೆಲ್ಲ ಪಾಚಿ ಕಟ್ಟಿದ ಹಾಗಿರುತ್ತೆ. ವೀಳ್ಯದೆಲೆ ಒಂದೆರಡು ಪಕ್ಕಕ್ಕಿದ್ದರೆ ತೊಂದರೆಯಿಲ್ಲ, ಒಡವೆಯ ಕೆಳಗೆ ಮಾತ್ರ ಬೇಡ. ಜರಿ ಸೀರೆಯೂ ಒಡವೆಯ ಜೊತೆ ಜಗಳಕ್ಕೆ ಬೀಳುತ್ತೆ, ಎರಡೂ ಹೊಳೆಯುತ್ತವೆ. ಇಳಕಲ್ ಸೀರೆಯ ಒಡಲಿನ ಭಾಗ ಹಾಕಿ, ಸೆರಗು ಬೇಡ. ನನಗೆ ಎಲ್ಲಕ್ಕಿಂತ ಇಷ್ಟ ಪಾಲಿಶ್ ಇಲ್ಲದ ಕಡಪ ಕಲ್ಲು. ತುಣುಕು ಬೇಕು ಅಂದರೆ ಕಲ್ಲಿನಂಗಡಿಯವರು ಸುಮ್ನೆ ಕೊಡುತ್ತಾರೆ.

"ಪತ್ತಾಕ್ ಸರ ಪೂರ್ತಿ ತೋರಿಸಿದ್ರೆ ಪದಕ ಚುಕ್ಕಿ ಥರ ಕಾಣುತ್ತೆ. ಪದಕ ತೋರಿಸಿದ್ರೆ ಸರ ಎಷ್ಟುದ್ದ ಅಂತ ಕೇಳ್ತಾರೆ."

ಒಂದೇ ಫೋಟೋದಲ್ಲಿ ಎರಡೂ ಆಗಲ್ಲ, ಎರಡು ತೆಗೆಯಿರಿ. ಮೊದಲನೆಯದರಲ್ಲಿ ಪದಕವೇ ಮುಖ್ಯ: ಮೇಲಿನ ನಾಗರ ಹೆಡೆ, ನಡುವಿನ ಪವನು, ಕೆಂಪು ಕಲ್ಲು ಚೆನ್ನಾಗಿ ಕಾಣಲಿ. ಸರದ ಎರಡೂ ಎಳೆ ಫ್ರೇಮಿನ ಮೇಲಿಂದ ಆಚೆ ಹೋಗಲಿ ಬಿಡಿ. ಎರಡನೆಯದು ಕತ್ತಿನ ಮೇಲೆ ಹಾಕಿದ್ದು. ಎಲ್ಲಿಯವರೆಗೆ ಇಳಿಯುತ್ತೆ ಅನ್ನುವುದಕ್ಕೆ ಮನುಷ್ಯರ ಮೈಗಿಂತ ಒಳ್ಳೆಯ ಅಳತೆಗೋಲು ಇಲ್ಲ.

"ಗಾತ್ರ ಗೊತ್ತಾಗಲಿ ಅಂತ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಬಹುದಾ?"

ಯಾವ ಒಂದು ರೂಪಾಯಿ? 90ರ ದಶಕದ ಸ್ಟೀಲ್ ನಾಣ್ಯ 25 ಮಿ.ಮೀ. ಇತ್ತು, 2011ರದ್ದು 22ರ ಆಸುಪಾಸು, 2019ರ ಮಾದರಿ 20. ನಾಣ್ಯ ಬಿಟ್ಟು ಮಿ.ಮೀ. ಸ್ಕೇಲು ಇಡಿ. ಬಳೆಗೆ 'ಎರಡೂ ಆರು' ಅಂತ ಬರೆದರೆ ನಮ್ಮವರಿಗೆ ಅರ್ಥವಾಗುತ್ತೆ, ಆದರೆ ದಶಮಾಂಶ ಅಂದುಕೊಂಡು 2.6 ಇಂಚು ಅಳೆಯುವವರೂ ಇದ್ದಾರೆ. ಅದು 2 ಇಂಚು ಮತ್ತು ಹದಿನಾರರಲ್ಲಿ 6 ಪಾಲು, ಅಂದರೆ ಒಳಗಿನ ಅಗಲ 60 ಮಿ.ಮೀ. ಚಿಲ್ಲರೆ. ಎರಡನ್ನೂ ಬರೆಯಿರಿ.

## ವಾಚಿನ ಪ್ರಶ್ನೆಗಳು

"ಎಲ್ಲಾ ಜಾಹೀರಾತಲ್ಲೂ ವಾಚು ಹತ್ತೂ ಹತ್ತು ತೋರಿಸುತ್ತೆ. ನಾನೂ ಹಾಗೇ ಇಡಬೇಕಾ?"

ಇಡಿ. ಕಾರಣ ತುಂಬ ಸರಳ. ಮುಳ್ಳುಗಳು ಎರಡೂ ಬದಿಗೆ ಸಮನಾಗಿ ಎದ್ದು ನಿಲ್ಲುತ್ತವೆ, 12ರ ಕೆಳಗಿನ ಕಂಪನಿ ಹೆಸರು ನಡುವೆ ಬಿಡಿಯಾಗಿ ಕಾಣುತ್ತೆ. ಹಿಂದೆ ಜಾಹೀರಾತುಗಳಲ್ಲಿ 8:20 ಇಡುವ ರೂಢಿಯೂ ಇತ್ತು, ಮುಳ್ಳು ಕೆಳಗಿಳಿದು ಬಾಡಿದ ಮುಖದ ಹಾಗೆ ಕಾಣುತ್ತಿತ್ತು. ಟೈಮೆಕ್ಸ್‌ನವರು 10:09:36 ಅಂತ ಸೆಕೆಂಡನ್ನೂ ಹಿಡಿದು ಇಡುತ್ತಾರೆ. ಆ್ಯಪಲ್ ವಾಚಿನ ಚಿತ್ರಗಳಲ್ಲಿ 10:09.

ಕಷ್ಟ ಇರುವುದು ಇಡುವುದರಲ್ಲಿ. ಕೀಲಿ ಎಳೆದು ನಿಲ್ಲಿಸಿದರೆ ಅದು ಹೊರಗೆ ಚಾಚಿಕೊಂಡು ಫೋಟೋದಲ್ಲಿ ಕಾಣುತ್ತೆ. ಹಾಗಾಗಿ 10:08ಕ್ಕೆ ಇಟ್ಟು, ಕೀಲಿ ಒತ್ತಿ, ಫೋಕಸ್ ಮಾಡಿಕೊಂಡು ಕಾಯಿರಿ. ಸೆಕೆಂಡಿನ ಮುಳ್ಳು 35ರ ಹತ್ತಿರ ಬಂದಾಗ ಕ್ಲಿಕ್. ತಪ್ಪಿದರೆ ಒಂದು ನಿಮಿಷದಲ್ಲಿ ಮತ್ತೆ ಬರುತ್ತೆ. ಹಳೇ ಕೀಲಿ ವಾಚಾದರೆ ಕೀಲಿ ಪೂರ್ತಿ ಇಳಿದು ನಿಂತ ಮೇಲೆ ಸಮಯ ಇಟ್ಟುಬಿಡಿ, ಆಗ ಅವಸರವೇ ಇಲ್ಲ. ತಾರೀಖಿರುವ ಮೆಕ್ಯಾನಿಕಲ್ ವಾಚಿನಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಮುಳ್ಳು ಇರುವಾಗ ತಾರೀಖು ತಿರುಗಿಸಬೇಡಿ, ಒಳಗಿನ ಚಕ್ರದ ಹಲ್ಲು ಮುರಿಯಬಹುದು.

"ಗಾಜಿನ ಮೇಲೆ ಬಿಳಿ ಹೊಳಪು ಬಂದು ಡಯಲ್ಲೇ ಕಾಣಲ್ಲ. ಪೋಲರೈಸರ್ ಹಾಕಿದ್ರೂ ಹೋಗಲಿಲ್ಲ ಮಾರಾಯ್ರೆ."

ನೇರ ಮೇಲಿನಿಂದ ತೆಗೆದಿರಬೇಕು. ಪೋಲರೈಸರ್ ಅಂದರೆ ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಫಿಲ್ಟರು, ಗಾಜನ್ನು ಓರೆಯಾಗಿ ನೋಡಿದಾಗ ಮಾತ್ರ ಅದು ಕೆಲಸ ಮಾಡುತ್ತೆ. ಲಂಬದಿಂದ 55 ಡಿಗ್ರಿ ಆಸುಪಾಸಿನಲ್ಲಿ ಅದರ ಜೋರು ಎಲ್ಲಕ್ಕಿಂತ ಹೆಚ್ಚು, ನೇರಕ್ಕೆ ಬಂದರೆ ಸೊನ್ನೆ. ಲೋಹದ ಪಟ್ಟಿಯ ಹೊಳಪಿಗಂತೂ ಅದರಿಂದ ಹೆಚ್ಚೇನೂ ಆಗಲ್ಲ. ಎಲ್‌ಸಿಡಿ ಇರುವ ಡಿಜಿಟಲ್ ವಾಚಿಗೆ ಹಾಕಿ ತಿರುಗಿಸಿದರೆ ಅಂಕಿಗಳೇ ಮಾಯ.

ನೇರ ಮೇಲಿನಿಂದ ತೆಗೆಯುವಾಗ ಗಾಜು ನೋಡುತ್ತಿರುವುದು ಕ್ಯಾಮೆರಾವನ್ನು ಮತ್ತು ಅದರ ಹಿಂದಿನ ಬಿಳಿ ಸೀಲಿಂಗನ್ನು. ಕಪ್ಪು ಚಾರ್ಟ್ ಪೇಪರಿನ ನಡುವೆ ಲೆನ್ಸಿನಷ್ಟು ತೂತು ಮಾಡಿ, ಲೆನ್ಸಿಗೆ ಸಿಕ್ಕಿಸಿ. ಗಾಜಿನಲ್ಲಿ ಈಗ ಕಪ್ಪು ಮಾತ್ರ, ಅಂದರೆ ಡಯಲ್ ಮಾತ್ರ. ಬೆಳಕು ಎರಡು ಬದಿಯಿಂದ, ತಗ್ಗಿನಲ್ಲಿ ಬರಲಿ. ಸೂರ್ಯನ ಕಿರಣದಂತೆ ಗೆರೆ ಇರುವ ಸನ್‌ಬರ್ಸ್ಟ್ ಡಯಲ್ ಆದರೆ ಒಂದು ಬದಿಯ ಲೈಟನ್ನು ಮಾತ್ರ ಉಳಿಸಿ, ಅತ್ತಿತ್ತ ಸರಿಸಿ. ಕಿರಣ ಎಲ್ಲಿ ಬೀಳಬೇಕು ಅಂತ ನೀವೇ ಆರಿಸಬಹುದು.

"ಹಳೇ ಎಚ್‌ಎಂಟಿ ಜನತಾ ಮಾರ್ತಾ ಇದೀನಿ. ಗೀರು, ಕಲೆ ಎಲ್ಲಾ ತೋರಿಸಬೇಕಾ? ತೋರಿಸಿದ್ರೆ ಯಾರು ತಗೋತಾರೆ?"

ತೋರಿಸಿದರೇ ತಗೊಳ್ಳುವುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ವಾಚುಗಳಿವು. ವಾಚಿನ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಮುಚ್ಚುತ್ತಾರೆ ಅಂತಾದ ಮೇಲೆ ಹಳೆಯದಕ್ಕೆ ಬೇಡಿಕೆ ಏರಿತು, ಡಯಲ್ಲಿಗೆ ಹೊಸ ಬಣ್ಣ ಹೊಡೆದು, ಹೆಸರು ಮತ್ತೆ ಅಚ್ಚು ಹಾಕಿ ಮಾರುವುದೂ ಏರಿತು. ಹಾಗಾಗಿ ಬಲ್ಲವರು ಫಳಫಳ ಡಯಲ್ ಕಂಡರೆ ಹಿಂದೆ ಸರಿಯುತ್ತಾರೆ. ಒಂಚೂರು ಮಾಸಿದ, ಅಂಚಿನಲ್ಲಿ ಹಳದಿಗೆ ತಿರುಗಿದ ಡಯಲ್ಲಿನ ಹತ್ತಿರದ ಫೋಟೋ ಕಂಡರೆ ಫೋನ್ ಮಾಡುತ್ತಾರೆ.

ನಾನು ಕೊಡುವುದು ಆರು ಫೋಟೋ: ನೇರ ಮುಖ, ಓರೆಯಿಂದ ಒಂದು, ಡಯಲ್ಲಿನ ಅಕ್ಷರ ತೀರಾ ಹತ್ತಿರದಿಂದ, ಕೀಲಿಯ ಬದಿ, ಹಿಂಬದಿಯ ಮುಚ್ಚಳ, ಮುಚ್ಚಳ ತೆರೆದು ಯಂತ್ರ. ಅಕ್ಷರದ ಫೋಟೋ ಮುಖ್ಯ. ಕಾರ್ಖಾನೆಯ ಅಚ್ಚಿನ ಅಂಚು ಚೂಪಾಗಿರುತ್ತೆ, ಮರು ಅಚ್ಚಿನದ್ದು ಸಾಮಾನ್ಯವಾಗಿ ಹರಡಿಕೊಂಡು ದಪ್ಪಗಿರುತ್ತೆ. ಗೀರು ತೋರಿಸಲು ಬೆಳಕನ್ನು ತೀರಾ ತಗ್ಗಿಸಿ ಬದಿಯಿಂದ ಬಿಡಿ, ಕೂದಲೆಳೆಯ ಗೀರೂ ಎದ್ದು ಕಾಣುತ್ತೆ.

ಮೇಲಿನ ಪ್ಲಾಸ್ಟಿಕ್ ಗಾಜಿನ ಸಣ್ಣ ಗೀರಿಗೆ ಒಂದು ಉಪಾಯ ಇದೆ. ಕಡಲೆ ಕಾಳಿನಷ್ಟು ಬಿಳಿ ಟೂತ್‌ಪೇಸ್ಟ್, ಮೆತ್ತನೆಯ ಬಟ್ಟೆ, ಐದು ನಿಮಿಷ ಸುತ್ತು ಉಜ್ಜುವುದು. ನೀರು ಒಳಗೆ ಹೋಗದ ಹಾಗೆ ಒದ್ದೆ ಬಟ್ಟೆಯಿಂದ ಒರೆಸಿ. ಮಿನರಲ್ ಗಾಜು, ಸಫೈರ್ ಗಾಜಿನ ಹೊಸ ವಾಚುಗಳಿಗೆ ಇದನ್ನು ಮಾಡಬೇಡಿ.

"ಕತ್ತಲಲ್ಲಿ ಹೊಳೆಯೋ ಮುಳ್ಳನ್ನು ಹೇಗೆ ತೆಗೆಯೋದು?"

ವಾಚಿನ ಮೇಲೆ ಅರ್ಧ ನಿಮಿಷ ಟಾರ್ಚಿನ ಬೆಳಕು ಬಿಟ್ಟು, ಕೋಣೆ ಪೂರ್ತಿ ಕತ್ತಲು ಮಾಡಿ, ಸ್ಟ್ಯಾಂಡಿನ ಮೇಲಿಂದ 5ರಿಂದ 10 ಸೆಕೆಂಡಿನ ಎಕ್ಸ್‌ಪೋಶರ್ ಕೊಡಿ, ಅಂದರೆ ಅಷ್ಟು ಹೊತ್ತು ಶಟರ್ ತೆರೆದಿರಲಿ. ಫೋಕಸ್ಸನ್ನು ಲೈಟ್ ಇರುವಾಗಲೇ ಮಾಡಿ ಬೀಗ ಹಾಕಿರಬೇಕು.

## ಕೈ ಪಳಗಿದವರಿಗೆ

"ಮುಂದಿನ ಕಲ್ಲು ಶಾರ್ಪ್ ಇದ್ರೆ ಹಿಂದಿನ ಕೊಂಡಿ ಮಸುಕು. ಎಫ್ 22 ಇಟ್ರೂ ಸರಿಹೋಗಲಿಲ್ಲ."

ಎಫ್ 22ರಲ್ಲಿ ಎಲ್ಲವೂ ಸಮನಾಗಿ ಮಸುಕಾಗುತ್ತೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನೊಳಗೆ ಬೆಳಕು ಬರುವ ತೂತು ಕಿರಿದು, ಅದು ತೀರಾ ಕಿರಿದಾದಾಗ ಬೆಳಕು ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತೆ. ನಾನು ಎಫ್ 8ರಿಂದ 11 ದಾಟುವುದಿಲ್ಲ. ಆದರೆ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ವಸ್ತುವನ್ನು ಅದರ ನಿಜಗಾತ್ರಕ್ಕೇ ಸೆನ್ಸರಿನ ಮೇಲೆ ತಂದರೆ, ಎಫ್ 11ರಲ್ಲೂ ಫೋಕಸ್ಸಿನಲ್ಲಿ ಇರುವುದು ಒಂದು ಮಿ.ಮೀ. ಚಿಲ್ಲರೆ ಆಳ. ಉಂಗುರದ ಆಳ 20 ಮಿ.ಮೀ.

ದಾರಿ ಒಂದೇ, ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾ ಅಲುಗಿಸದೆ, ಹತ್ತಿರದ ತುದಿಯಿಂದ ದೂರದ ತುದಿಯವರೆಗೆ ಫೋಕಸ್ಸನ್ನು ಚೂರುಚೂರೇ ಸರಿಸುತ್ತಾ ಹದಿನೈದು ಇಪ್ಪತ್ತು ಫೋಟೋ ತೆಗೆದು, ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಅಥವಾ ಫೋಟೋಶಾಪಿನಲ್ಲಿ ಸೇರಿಸುವುದು. ವಾಚಿಗೆ ಮಾಡುವಾಗ ಸೆಕೆಂಡಿನ ಮುಳ್ಳು ನಿಂತಿರಲೇಬೇಕು, ಇಲ್ಲದಿದ್ದರೆ ಮುಳ್ಳು ಬೀಸಣಿಗೆಯಾಗಿ ಬರುತ್ತೆ. ಇದು ಸಮಯ ತಿನ್ನುವ ಕೆಲಸ. ಇನ್ನೂರು ರೂಪಾಯಿಯ ಓಲೆಗೆ ಮಾಡಲು ಹೋಗಬೇಡಿ. ಒಡವೆಯನ್ನು ಕ್ಯಾಮೆರಾಗೆ ಸಮಾನಾಂತರವಾಗಿ ತಿರುಗಿಸಿಟ್ಟರೆ ಒಂದೇ ಫೋಟೋದಲ್ಲಿ ಬೇಕಾದ್ದೆಲ್ಲ ಸಿಗುತ್ತೆ.

"ಎಲ್‌ಇಡಿ ಲೈಟಲ್ಲಿ ಫೋಟೋ ಅಡ್ಡಕ್ಕೆ ಪಟ್ಟೆ ಪಟ್ಟೆ ಬರುತ್ತೆ."

ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ವೀಡಿಯೋಗೂ ಇದೇ ಲೆಕ್ಕ.

"ಅಮೆಜಾನ್‌ನಲ್ಲಿ ಮುಖ್ಯ ಫೋಟೋ ತಿರಸ್ಕಾರ ಆಗ್ತಾನೇ ಇದೆ. ಬಿಳಿ ಹಿನ್ನೆಲೆಯೇ ಇಟ್ಟಿದೀನಲ್ಲ?"

ಅವರು ಕೇಳುವ ಬಿಳಿ ಅಂದರೆ ಅಪ್ಪಟ ಬಿಳಿ, ಕೆಂಪು ಹಸಿರು ನೀಲಿ ಮೂರೂ 255. ಕಣ್ಣಿಗೆ ಬಿಳಿ ಕಂಡದ್ದು 245 ಇರಬಹುದು, ಎಡಿಟಿಂಗ್ ಆ್ಯಪಿನಲ್ಲಿ ಮೂಲೆ ಮೂಲೆಗೂ ಅಳೆದು ನೋಡಿ. ವಸ್ತು ಚೌಕಟ್ಟಿನ ನೂರಕ್ಕೆ 85ರಷ್ಟು ತುಂಬಿರಬೇಕು. ಮುಖ್ಯ ಫೋಟೋದಲ್ಲಿ ಬರಹ, ಲೋಗೋ, ವಾಟರ್‌ಮಾರ್ಕ್ ಇರಬಾರದು. ಉದ್ದನೆಯ ಬದಿ 1000 ಪಿಕ್ಸೆಲ್‌ಗಿಂತ ಕಮ್ಮಿ ಇದ್ದರೆ ಕೊಳ್ಳುವವರಿಗೆ ಹಿಗ್ಗಿಸಿ ನೋಡಲು ಆಗಲ್ಲ. ಒಡವೆಯನ್ನು ಯಾರೂ ಹಿಗ್ಗಿಸದೆ ಕೊಳ್ಳಲ್ಲ.

"ಹಾಲ್‌ಮಾರ್ಕ್ ಗುರುತು ಫೋಟೋದಲ್ಲಿ ಬರಲೇ ಇಲ್ಲ. ಹಾಕಲೇಬೇಕಾ?"

ಚಿನ್ನ ಅಂತ ಮಾರುತ್ತಿದ್ದರೆ ಹಾಕಿ, ಜನ ಮೊದಲು ಹುಡುಕುವುದೇ ಅದನ್ನು. 2023ರ ಏಪ್ರಿಲ್ 1ರಿಂದ ಅಂಗಡಿಗಳು ಮಾರುವ ಹಾಲ್‌ಮಾರ್ಕ್ ಒಡವೆಯಲ್ಲಿ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, 22ಕೆ916ರಂಥ ಶುದ್ಧತೆಯ ಗುರುತು, ಆ ಒಡವೆಗೇ ಕೊಟ್ಟ 6 ಅಕ್ಷರ ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಮೂರೂ ಇರಬೇಕು. ಆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಗುರುತು ಲೇಸರಿನಲ್ಲಿ ತೆಳ್ಳಗೆ ಕೊರೆದದ್ದು. ನೇರ ಬೆಳಕಿನಲ್ಲಿ ಮಾಯವಾಗುತ್ತೆ. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬದಿಯಿಂದ ಸವರುವ ಹಾಗೆ ಬಿಡಿ, ಅಕ್ಷರಗಳು ನೆರಳು ಬಿಟ್ಟು ಏಳುತ್ತವೆ. ಫೋನಿನ ಮುಂದೆ ಅಕ್ಕಸಾಲಿಗರ ಭೂತಗನ್ನಡಿ ಹಿಡಿದರೆ ಇನ್ನೂ ಸುಲಭ. ವಾಚಿನ ಹಿಂಬದಿಯ ಸೀರಿಯಲ್ ನಂಬರಿನಲ್ಲಿ ಮಾತ್ರ ನಾನು ಕೊನೆಯ ಮೂರು ಅಂಕಿ ಮುಚ್ಚುತ್ತೇನೆ, ನಂಬರು ಕದ್ದು ನಕಲಿಗೆ ಅಂಟಿಸುವವರಿದ್ದಾರೆ. ಕೊಳ್ಳುವವರು ಕೇಳಿದರೆ ಅವರಿಗೆ ಪೂರ್ತಿ ಕಳಿಸುತ್ತೇನೆ.

"ಎಐಗೆ ಕೊಟ್ರೆ ಒಂದೇ ನಿಮಿಷದಲ್ಲಿ ಅರಮನೆ ಹಿನ್ನೆಲೆ ಹಾಕಿಕೊಡುತ್ತೆ. ನೀವ್ಯಾಕೆ ಬೇಡ ಅಂತೀರಿ?"

ಹಿನ್ನೆಲೆ ಬದಲಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದು ಅಷ್ಟಕ್ಕೇ ನಿಲ್ಲಲ್ಲ. ಒಂದು ಕಾಸಿನ ಸರ ಕೊಟ್ಟು ನೋಡಿದೆ. ಮೇಲ್ನೋಟಕ್ಕೆ ಅದ್ಭುತ. ಹಿಗ್ಗಿಸಿದರೆ ಕಾಸಿನ ಮೇಲಿನ ಲಕ್ಷ್ಮಿಗೆ ಒಂದು ಕಡೆ ಮೂರು ಕೈ, ಇನ್ನೊಂದು ಕಡೆ ಮುಖವೇ ಇಲ್ಲ. ಎಣಿಸಿದರೆ ಎರಡು ಕಾಸು ಜಾಸ್ತಿ. ತೂಕದ ಮೇಲೆ ಮಾರುವ ಒಡವೆಯಲ್ಲಿ ಕಾಸು ಹೆಚ್ಚಾದರೆ ಕೊಂಡವರು ಬಿಡ್ತಾರಾ?

ನಾನು ಹಾಕಿಕೊಂಡ ಗೆರೆ ಇದು: ಧೂಳು ಅಳಿಸುತ್ತೇನೆ, ಬೆಳಕು ತಿದ್ದುತ್ತೇನೆ, ನಿಲ್ಲಿಸಲು ಹಾಕಿದ ಮೇಣ ತೆಗೆಯುತ್ತೇನೆ. ಒಡವೆಯ ಜೊತೆ ಪೆಟ್ಟಿಗೆಯಲ್ಲಿ ಹೋಗುವ ಯಾವುದನ್ನೂ ಮುಟ್ಟುವುದಿಲ್ಲ. ಕಲ್ಲಿನ ಒಳಗಿನ ಮಚ್ಚೆ, ಕೇಸಿನ ಗೀರು, ಮಾಸಿದ ಲೇಪನ, ಅವೆಲ್ಲ ಇದ್ದ ಹಾಗೇ.

"ಕಂಪ್ಯೂಟರಲ್ಲಿ ಚೆನ್ನಾಗಿತ್ತು, ವಾಟ್ಸಾಪಲ್ಲಿ ಕಳಿಸಿದ್ಮೇಲೆ ಮಸುಕಾಯ್ತು, ಬಣ್ಣವೂ ಬೇರೆ ಬಂತು."

ಎರಡು ಬೇರೆ ಕಾಯಿಲೆ. ಮಸುಕಾಗುವುದು ವಾಟ್ಸಾಪ್ ಫೋಟೋವನ್ನು ಕುಗ್ಗಿಸುವುದರಿಂದ. ಎಚ್‌ಡಿ ಆರಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಬಣ್ಣ ಬದಲಾಗುವುದು ಸೇವ್ ಮಾಡುವಾಗ ಬೇರೆ ಕಲರ್ ಪ್ರೊಫೈಲ್ ಇದ್ದರೆ. ಫೋನು, ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಪ್ರೊಫೈಲಿಗೆ ಬದಲಿಸಿ ಸೇವ್ ಮಾಡಿ. ಕಳಿಸುವ ಮುಂಚೆ ಮನೆಯಲ್ಲಿರುವ ಅಗ್ಗದ ಫೋನಿನಲ್ಲಿ ಒಮ್ಮೆ ತೆರೆದು, ಪಕ್ಕದಲ್ಲಿ ಒಡವೆ ಹಿಡಿದು ನೋಡಿ. ನಿಮ್ಮ ಗಿರಾಕಿ ನೋಡುವುದು ಅಂಥ ಫೋನಿನಲ್ಲೇ.